ಬೊಜ್ಜು ಹೃದಯಕ್ಕೆ ಹೇಗೆ ತೊಂದರೆ ಕೊಡುತ್ತದೆ?

ಬೊಜ್ಜು ಹೃದಯದ ದಿನನಿತ್ಯದ ದುಡಿಮೆಯನ್ನೇ ಹೆಚ್ಚಿಸುತ್ತದೆ. ಜೊತೆಗೆ ರಕ್ತದೊತ್ತಡ, ಸಕ್ಕರೆ ಹಾಗೂ ಕೆಟ್ಟ ಕೊಲೆಸ್ಟ್ರಾಲ್ ಏರುವಂತೆ ಮಾಡಿ ರಕ್ತನಾಳಗಳನ್ನೂ ಕೆಡಿಸುತ್ತದೆ.

ಕೊಬ್ಬು ಸುಮ್ಮನೆ ಬಿದ್ದಿರುವ ಸರಕಲ್ಲ. ಅದೂ ಜೀವಂತ ಅಂಗಾಂಶವಾದ್ದರಿಂದ ಅದಕ್ಕೂ ರಕ್ತ ಬೇಕು. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ದೇಹ ಬೆಳೆದಂತೆ ರಕ್ತದ ಒಟ್ಟು ಪ್ರಮಾಣವೂ ಹೆಚ್ಚಿ, ಪ್ರತಿ ಬಡಿತದಲ್ಲೂ ಹೆಚ್ಚು ರಕ್ತವನ್ನು ತಳ್ಳಬೇಕಾಗುತ್ತದೆ. ವರ್ಷಗಟ್ಟಲೆ ಹೀಗೆ ದುಡಿದರೆ ಎಡ ಹೃತ್ಕುಕ್ಷಿಯ, ಅಂದರೆ ಇಡೀ ದೇಹಕ್ಕೆ ರಕ್ತ ಕಳಿಸುವ ಕೋಣೆಯ, ಗೋಡೆ ದಪ್ಪಗಾಗಿ ಬಿರುಸಾಗುತ್ತದೆ. ಬಿರುಸಾದ ಗೋಡೆ ಎರಡು ಬಡಿತಗಳ ನಡುವೆ ಸರಿಯಾಗಿ ಸಡಿಲಗೊಳ್ಳದ ಕಾರಣ ಕೋಣೆ ಸಲೀಸಾಗಿ ತುಂಬುವುದಿಲ್ಲ, ಹಿಂದೆ ನಿಂತ ರಕ್ತದ ಒತ್ತಡ ಶ್ವಾಸಕೋಶಕ್ಕೆ ತಟ್ಟುತ್ತದೆ. ಮೆಟ್ಟಿಲು ಹತ್ತುವಾಗ ಬರುವ ಏದುಸಿರಿಗೆ ಇದೂ ಕಾರಣವಿರಬಹುದಾದ್ದರಿಂದ, ಅದನ್ನು ಬರೀ ಮೈಭಾರದ ದಣಿವೆಂದು ತಳ್ಳಿಹಾಕುವುದು ತಪ್ಪು.

ಕೊಬ್ಬು ಎಲ್ಲಿ ಸೇರಿದೆ ಎಂಬುದೂ ಮುಖ್ಯ. ಹೊಟ್ಟೆಯೊಳಗೆ ಅಂಗಗಳ ಸುತ್ತ ಕೂಡುವ ಕೊಬ್ಬು ಉರಿಯೂತ ತರುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ನಿನ ಪರಿಣಾಮವನ್ನು ಕುಂದಿಸುತ್ತದೆ. ತೊಡೆಯ ಕೊಬ್ಬು ಅಷ್ಟು ಅಪಾಯಕಾರಿಯಲ್ಲ. ಹಾಗಾಗಿ ಹೃದಯದ ವಿಚಾರದಲ್ಲಿ ತೂಕದ ಯಂತ್ರವೊಂದನ್ನೇ ನಂಬದೆ ಸೊಂಟದ ಸುತ್ತಳತೆಯನ್ನೂ ನೋಡಬೇಕೆಂಬುದು ನನ್ನ ಅಭಿಪ್ರಾಯ.