ಹಸುವಿನ ಉಣ್ಣೆ ಔಷಧಿ ಕುದುರೆಗೆ ಬೇಡ

ಪ್ರಶ್ನೆ: ಮನೆಯಲ್ಲಿ ಎರಡು ಹಸು, ಒಂದು ಕುದುರೆ ಇವೆ. ಹಸುಗಳಿಗೆ ತಂದ ಉಣ್ಣೆ ಔಷಧಿ ಅರ್ಧ ಬಾಟಲಿ ಉಳಿದಿದೆ. ಅದನ್ನೇ ನೀರಿಗೆ ಬೆರೆಸಿ ಕುದುರೆಗೂ ಹೊಡೆಯಬಹುದಾ? ಅಂಗಡಿಯವರು ಏನೂ ಆಗಲ್ಲ ಅಂದರು.

ಬೇಡ. ಮೊದಲು ಬಾಟಲಿ ಮೇಲಿನ ಹೆಸರು ಓದಿ. ಅಮಿಟ್ರಾಜ್ ಅಂತ ಇದ್ದರೆ ಅದನ್ನು ಕುದುರೆಯ ಹತ್ತಿರಕ್ಕೂ ತರಬೇಡಿ. ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ, ಅದೂ ಎಷ್ಟೋ ಸಲ ಔಷಧಿ ಹೊಡೆದು ಮುಗಿದ ಮೇಲೆ ಬರುತ್ತದೆ, ಅದಕ್ಕೇ ಸಿಟ್ಟು. ಹಸು ತಡೆದುಕೊಳ್ಳುತ್ತದೆ. ಕುದುರೆ ತಡೆದುಕೊಳ್ಳುವುದಿಲ್ಲ. ಅಮಿಟ್ರಾಜ್ ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸಿಬಿಡುತ್ತದೆ. ದೊಡ್ಡ ಕರುಳಿನಲ್ಲಿ ಮೇವು ಒಣಗಿ ಗಟ್ಟಿಯಾಗಿ ಕೂರುತ್ತದೆ. ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ ಅಲ್ವಾ, ಒಳಗಿದ್ದದ್ದು ಅಲ್ಲೇ ಉಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ 1970ರ ದಶಕದಲ್ಲೇ ಇದು ಗೊತ್ತಾಗಿದೆ. ಬೆರೆಸಿಟ್ಟು ಹಳತಾದ ಅಮಿಟ್ರಾಜ್ ಇನ್ನೂ ಅಪಾಯ. ನಿಮ್ಮ ಅರ್ಧ ಬಾಟಲಿ ಎಷ್ಟು ಹಳೆಯದು?

ಈಗಾಗಲೇ ಹೊಡೆದಿದ್ದರೆ ಕೈಗವಸು ಹಾಕಿಕೊಂಡು, ಸೋಪು ನೀರಿನಲ್ಲಿ ಮೈ ಪೂರ್ತಿ ತೊಳೆಯಿರಿ. ತಲೆ ಜೋತುಹಾಕಿ ಮಂಕಾಗಿ ನಿಲ್ಲುವುದು, ಕಾಲು ತಡವರಿಸುವುದು, ಲದ್ದಿ ಹಾಕದಿರುವುದು, ಪಕ್ಕೆ ತಿರುಗಿ ತಿರುಗಿ ನೋಡುವುದು, ಇವು ಕಂಡರೆ ಮೇವು ನಿಲ್ಲಿಸಿ ಡಾಕ್ಟರನ್ನು ಕರೆಸಿ. ಮರುದಿನ ಶುರುವಾಗುವುದೂ ಉಂಟು, ಹಾಗಾಗಿ ಸಂಜೆ ಚೆನ್ನಾಗಿದೆ ಅಂತ ಸುಮ್ನೆ ಮಲಗಬೇಡಿ. ಡಾಕ್ಟರಿಗೆ ಬಾಟಲಿಯನ್ನೇ ತೋರಿಸಿ. ಬೇರೆ ಕೀಟನಾಶಕದ ವಿಷ ಅಂದುಕೊಂಡು ಯಾರಾದರೂ ಅದಕ್ಕೆ ಕೊಡುವ ಅಟ್ರೋಪಿನ್ ಮದ್ದು ಚುಚ್ಚಿದರೆ ನಿಂತ ಕರುಳು ಇನ್ನಷ್ಟು ನಿಲ್ಲುತ್ತದೆ.

ಹಾಗಾದರೆ ಏನು ಹಾಕಬೇಕು? ಕುದುರೆಗೆ ಅಂತಲೇ ಲೇಬಲ್ ಇರುವ ಪರ್ಮೆಥ್ರಿನ್ ಔಷಧಿ, ಅದೂ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ. ಲಾಯದಲ್ಲಿ ಬೆಕ್ಕು ಇದ್ದರೆ ಅದನ್ನು ದೂರ ಇಡಿ, ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಆದರೆ ನಾನು ಔಷಧಿಗಿಂತ ಕೈಯನ್ನೇ ಜಾಸ್ತಿ ನಂಬುತ್ತೇನೆ. ದಿನಾ ಸಂಜೆ ಕಿವಿಯ ಒಳಗೆ, ದವಡೆ ಕೆಳಗೆ, ಜೂಲಿನ ಬುಡ, ಹಿಂಗಾಲ ಸಂದು, ಬಾಲದ ಬುಡ ತಡವಿ ನೋಡಿ. ಬಾಲ ಎತ್ತಿ ನೋಡಲು ಮರೆಯಬೇಡಿ, ದಪ್ಪ ಹೆಣ್ಣು ಉಣ್ಣೆಗಳು ಹುರುಳಿಕಾಳಿನ ಹಾಗೆ ಸಾಲಾಗಿ ಅಲ್ಲೇ ಇರುತ್ತವೆ. ಕಚ್ಚಿದ ತಕ್ಷಣ ರೋಗ ದಾಟುವುದಿಲ್ಲ, ಸಾಮಾನ್ಯವಾಗಿ ಒಂದೆರಡು ದಿನವಾದರೂ ಬೇಕು. ಹಾಗಾಗಿ ದಿನಾ ಕಿತ್ತರೆ ಲಾಭ ಇದೆ. ಚಿಮಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಕುಕ್ಕಿ ಒಡೆಯಬೇಡಿ, ಅದರ ರಕ್ತದಿಂದ ನಿಮಗೂ ಕಾಯಿಲೆ ಬರಬಹುದು. ಹಸುಗಳ ಕೊಟ್ಟಿಗೆಯಲ್ಲೇ ಕುದುರೆ ಕಟ್ಟುತ್ತಿದ್ದರೆ ಬೇರೆ ಮಾಡಿ. ಗೋಡೆ ಬಿರುಕು ಮುಚ್ಚಿಸಿ. ನಮ್ಮ ಕಡೆಯ ಹಯಲೊಮ್ಮ ಉಣ್ಣೆ ಅಲ್ಲೇ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ.

ಪ್ರಶ್ನೆ: ಉಣ್ಣೆ ಮೇಲೆ ಸೀಮೆಎಣ್ಣೆ ಹಚ್ಚಿದರೆ ತಾನೇ ಬಿಡುತ್ತದಂತೆ?

ಚರ್ಮ ಸುಡುತ್ತದೆ. ಹಚ್ಚಬೇಡಿ.

ಪ್ರಶ್ನೆ: ಐವರ್ಮೆಕ್ಟಿನ್ ಇಂಜೆಕ್ಷನ್ ಸಾಕಲ್ವಾ?

ಅದು ಜಂತುಹುಳಕ್ಕೆ, ಕುದುರೆಯ ಉಣ್ಣೆಗೆ ನಂಬಬೇಡಿ. ಹಸುವಿನ ಇಂಜೆಕ್ಷನ್ ಕುದುರೆಗೆ ಚುಚ್ಚಿಸಿದರೆ ಆ ಜಾಗ ಊದಿ ಕೊಳೆಯುವುದೂ ಉಂಟು.

ಪ್ರಶ್ನೆ: ಕುದುರೆಗೆ ಜ್ವರ ಬಂದು ಮೂತ್ರ ಕೆಂಪಾಗಿತ್ತು. ಊರಿನವರೊಬ್ಬರು ಸೂಜಿ ಹಾಕಿದರು, ಈಗ ಆರಾಮ. ಇನ್ನು ಭಯ ಇಲ್ಲ ತಾನೇ?

ಇದೆ. ಜ್ವರ, ಹಳದಿ ವಸಡು, ಕೆಂಪು ಮೂತ್ರ ಇದ್ದರೆ ಪೈರೋಪ್ಲಾಸ್ಮೋಸಿಸ್, ಅಂದರೆ ಉಣ್ಣೆಯಿಂದ ಹರಡುವ ರಕ್ತದ ರೋಗ ಇರಬಹುದು. ಇದಕ್ಕೆ ಲಸಿಕೆ ಇಲ್ಲ. ಥೈಲೇರಿಯಾ ಇಕ್ವೈ ಎಂಬ ರೋಗಾಣು ಒಮ್ಮೆ ಹೊಕ್ಕರೆ ಸಾಮಾನ್ಯವಾಗಿ ಜೀವನಪೂರ್ತಿ ರಕ್ತದಲ್ಲೇ ಉಳಿಯುತ್ತದೆ. ನೋಡಲು ಆರೋಗ್ಯವಾಗಿರುವ ಆ ಕುದುರೆಯಿಂದ ಉಣ್ಣೆ ಮೂಲಕ ಬೇರೆ ಕುದುರೆಗೆ, ಗಬ್ಬದಲ್ಲೇ ಮರಿಗೆ ದಾಟಬಹುದು. ಸೂಜಿಯಿಂದಲೂ ದಾಟುತ್ತದೆ. ಒಂದೇ ಸಿರಿಂಜ್ ಹಿಡಿದು ಲಾಯದಿಂದ ಲಾಯಕ್ಕೆ ಹೋಗುವವರನ್ನು ಬಾಗಿಲಲ್ಲೇ ತಡೆಯಿರಿ. ಇವರು ಪರೀಕ್ಷೆ ಮಾಡಿಸದೆ ಈ ರೋಗದ ಔಷಧಿ ಇಮಿಡೋಕಾರ್ಬ್ ಚುಚ್ಚಿಹೋಗುತ್ತಾರೆ, ಆಮೇಲೆ ಕುದುರೆ ಜೊಲ್ಲು ಸುರಿಸಿ ಹೊಟ್ಟೆನೋವಿನಿಂದ ಒದ್ದಾಡುವಾಗ ಫೋನ್ ಎತ್ತುವುದಿಲ್ಲ. ರಕ್ತಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಆ ಕುದುರೆಗೆ ಬಳಸಿದ ಸೂಜಿ ಬೇರೆ ಯಾವುದಕ್ಕೂ ಬೇಡ.