ಯಾವ ಮೀನಿಗೆ ಯಾವ ಸಾಫ್ಟ್ ಪ್ಲಾಸ್ಟಿಕ್: ಬಣ್ಣ ಆಮೇಲೆ, ಬಾಯಿ ಮೊದಲು

"ಮೂವತ್ತು ಬಣ್ಣದ ಸಾಫ್ಟ್ ಪ್ಲಾಸ್ಟಿಕ್ ಇರುವ ಡಬ್ಬಿ ತಗೊಂಡೆ, ಮೂರು ಸಲ ಹೋದರೂ ಒಂದು ಕಡಿತವೂ ಇಲ್ಲ, ಯಾವ ಮೀನಿಗೆ ಯಾವ ಬಣ್ಣ ಹೇಳಿ" ಅಂತ ಕೇಳಿದ್ದೀರಿ. ಸಾಫ್ಟ್ ಪ್ಲಾಸ್ಟಿಕ್ ಅಂದರೆ ಹುಕ್ಕಿಗೆ ಚುಚ್ಚುವ ಮೆತ್ತನೆ ನಕಲಿ ಬೇಟೆ, ಲ್ಯೂರ್‌ನಲ್ಲಿ (ಮೀನಿಗೆ ಆಸೆ ತೋರಿಸುವ ನಕಲಿ ಬೇಟೆಯಲ್ಲಿ) ಒಂದು ಬಗೆ. ಮೇಲಿನ ಉತ್ತರಗಳಲ್ಲಿ ಒಬ್ಬರು ಹಸಿರು ಅಂದಿದ್ದಾರೆ, ಇನ್ನೊಬ್ಬರು ಬಿಳಿ. ನಾನು ಬಣ್ಣವನ್ನು ಕೊನೆಗೆ ಇಡುತ್ತೇನೆ. ನೀವು ಹಿಡಿಯಬೇಕೆಂದಿರುವ ಮೀನು ಬೇಟೆಯನ್ನು ಬಾಯಿಗೆ ಹೇಗೆ ಹಾಕಿಕೊಳ್ಳುತ್ತದೆ, ನೀರಿನ ಯಾವ ಮಟ್ಟದಲ್ಲಿ ಕಾಯುತ್ತದೆ, ಇವೆರಡು ಗೊತ್ತಾದರೆ ಡಬ್ಬಿಯ ಮುಕ್ಕಾಲು ಭಾಗ ತಾನೇ ಪಕ್ಕಕ್ಕೆ ಹೋಗುತ್ತದೆ.

ಒಂದು ಹಳೇ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1949ರಲ್ಲಿ ಅಮೆರಿಕದ ಓಹಾಯೋದಲ್ಲಿ ನಿಕ್ ಕ್ರೀಮ್ ಅನ್ನುವವರು ಮೆತ್ತನೆ ಪ್ಲಾಸ್ಟಿಕ್‌ನಲ್ಲಿ ಎರೆಹುಳು ಮಾಡಿದರು, ಆಮೇಲೆ ಅದನ್ನು ಮಾರಲೂ ಶುರುಮಾಡಿದರು. ಅದು ಓಡಿದ್ದು ಅಲ್ಲಿನ ಬಾಸ್ ಮೀನಿನ ಮೇಲೆ. ಹಾಗಾಗಿ ಇವತ್ತಿಗೂ ಮಿಕ್ಸ್ ಡಬ್ಬಿಗಳಲ್ಲಿ ಹುಳುಗಳೇ ಜಾಸ್ತಿ, ವಿಡಿಯೋಗಳಲ್ಲೂ ಬಾಸ್ ಲೆಕ್ಕವೇ. ನಿಮ್ಮ ನೀರಿನಲ್ಲಿ ಬಾಸ್ ಇದ್ದರೆ ಆರು ಇಂಚಿನ ಹುಳುವನ್ನು ಟೆಕ್ಸಾಸ್ ರಿಗ್‌ನಲ್ಲಿ (ಲೈನಿನಲ್ಲಿ ಮುಂದೆ ಸಣ್ಣ ತೂಕ, ಹುಕ್ಕಿನ ತುದಿ ಹುಳುವಿನೊಳಗೆ ಮುಚ್ಚಿದಂತೆ) ಕಟ್ಟಿ, ಕಡಿತ ಸಿಗುತ್ತದೆ. ಇಲ್ಲದಿದ್ದರೆ ಆ ಹುಳುಗಳನ್ನು ಎತ್ತಿಡಿ.

ಮರ್ರಲ್, ಅಂದರೆ ಸ್ನೇಕ್‌ಹೆಡ್‌ನಿಂದ ಶುರು ಮಾಡೋಣ. ಇದು ಗಾಳಿ ಕುಡಿಯಲು ಮೇಲೆ ಬರುವ ಮೀನು. ಕಳೆ, ತಾವರೆ ಎಲೆಗಳ ಅಡಿ ಕೂತು ಮೇಲೆ ನಡೆಯುವುದನ್ನು ಗಮನಿಸುತ್ತಿರುತ್ತದೆ. ಇದಕ್ಕೆ ಒಳಗೆ ಟೊಳ್ಳಾದ ಮೆತ್ತನೆ ಕಪ್ಪೆಗಿಂತ ಒಳ್ಳೆಯದು ನಾನು ಕಂಡಿಲ್ಲ. ಕಪ್ಪೆಯ ಎರಡು ಹುಕ್ಕುಗಳೂ ಬೆನ್ನಿಗೆ ಅಂಟಿಕೊಂಡಿರುತ್ತವೆ, ಕಳೆಗೆ ಸಿಕ್ಕುವುದಿಲ್ಲ. ಮೀನು ಕಚ್ಚಿದಾಗ ಮೈ ಒತ್ತಿಕೊಂಡು ಹುಕ್ಕು ಹೊರಗೆ ಬರುತ್ತದೆ. ತೊಂದರೆ ಇರುವುದು ನಮ್ಮ ಕೈಯಲ್ಲಿ. ನೀರು ಢಬಾರ್ ಅಂದ ಕೂಡಲೇ ರಾಡ್ ಎಳೆದುಬಿಡುತ್ತೇವೆ, ಖಾಲಿ ಕಪ್ಪೆ ಮುಖಕ್ಕೆ ಹಾರಿ ಬರುತ್ತದೆ. ಸದ್ದಿಗೆ ಎಳೆಯಬೇಡಿ. ಒಂದೆರಡು ಸೆಕೆಂಡು ಬಿಡಿ, ಲೈನ್ ಭಾರವಾದ ಮೇಲೆ ಜೋರಾಗಿ ಎಳೆಯಿರಿ. ಬಾಯಿ ಮೂಳೆಯಂತೆ ಗಟ್ಟಿ, ಮೆಲ್ಲಗೆ ಎಳೆದರೆ ಹುಕ್ಕು ನಾಟುವುದಿಲ್ಲ. ಮೀನು ಗಾಳಿ ಕುಡಿದ ಗುಳ್ಳೆ ಕಂಡರೆ ಅದರ ತಲೆಯ ಮೇಲೇ ಎಸೆಯಬೇಡಿ. ಆಚೆ ಎಸೆದು ಆ ಜಾಗದ ಮೇಲೆ ಹಾಯಿಸಿ. ನೀರು ಸ್ವಲ್ಪ ತೆರೆದಿದ್ದರೆ ನಾಲ್ಕು ಇಂಚಿನ ಪ್ಯಾಡಲ್ ಟೈಲ್ (ಬಾಲದ ತುದಿ ಚಪ್ಪಟೆಯಾಗಿ ಬಡಿಯುವ ಮೀನಿನ ಆಕಾರ) ಸಾಕು. ಅಗಲ ಬಾಯಿಯ ಆಫ್‌ಸೆಟ್ ಹುಕ್ಕಿಗೆ (ಕಣ್ಣಿನ ಹತ್ತಿರ ಮಡಚಿದ ಹುಕ್ಕು) ತೂಕವಿಲ್ಲದೆ ಕಟ್ಟಿ, ಮುಳ್ಳಿನ ತುದಿಯನ್ನು ಪ್ಲಾಸ್ಟಿಕ್‌ನೊಳಗೆ ಮುಚ್ಚಿ, ಮೇಲ್ಮೈಗೆ ತಾಗಿದಂತೆ ರೀಲ್ ಸುತ್ತಿ. ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ: ಮರಿಗಳ ಗುಂಪು ಒಂದೇ ಕಡೆ ಕುದಿಯುತ್ತಿದ್ದರೆ ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಅಲ್ಲಿಗೆ ಎಸೆದರೆ ಖಂಡಿತ ಕಚ್ಚುತ್ತವೆ, ಆದರೆ ದೊಡ್ಡದನ್ನು ಎತ್ತಿದರೆ ಮರಿಗಳು ಬೇರೆ ಮೀನುಗಳ ಪಾಲು. ನಾನು ಅಲ್ಲಿ ಎಸೆಯುವುದಿಲ್ಲ.

ಬಾರಮುಂಡಿ ಬೇರೆ ರೀತಿ. ಅದು ಕಚ್ಚುವುದಕ್ಕಿಂತ ಹೀರುವುದು. ಬಾಯಿ ತಟ್ಟನೆ ತೆರೆದು ನೀರಿನ ಜೊತೆಗೇ ಬೇಟೆಯನ್ನು ಒಳಗೆಳೆಯುತ್ತದೆ. ಲೈನ್ ಬಿಗಿಯಾಗಿದ್ದು ಲ್ಯೂರ್ ಭಾರವಾಗಿದ್ದರೆ ಅದು ಪೂರ್ತಿ ಒಳಗೆ ಹೋಗುವುದೇ ಇಲ್ಲ, ಒಂದು 'ಟಕ್' ಅನ್ನಿಸಿ ಮುಗಿಯುತ್ತದೆ. ಆದ್ದರಿಂದ ನಾಲ್ಕೈದು ಇಂಚಿನ ಮೆತ್ತನೆ ಪ್ಯಾಡಲ್ ಟೈಲ್, ರೀಲ್ ನಿಧಾನವಾಗಿ ಎರಡು ಸುತ್ತು, ಆಮೇಲೆ ನಿಲ್ಲಿಸುವುದು. ಹೆಚ್ಚಿನ ಕಡಿತ ನಿಂತಾಗಲೇ ಬರುತ್ತದೆ. ಇದರ ಕಿವಿರಿನ ಅಂಚು ಬ್ಲೇಡ್ ಇದ್ದ ಹಾಗೆ, ತುಟಿ ಉಪ್ಪುಕಾಗದದ ಹಾಗೆ. ಲೀಡರ್ (ಲ್ಯೂರ್‌ಗೆ ಮುಂಚಿನ ಗಟ್ಟಿ ಲೈನ್ ತುಂಡು) 40 ಪೌಂಡಿಗಿಂತ ಕಡಿಮೆ ಬೇಡ. ಬಾರಮುಂಡಿ ಇರುವ ಬೇರು, ಕಲ್ಲುಗಳ ನಡುವೆಯೇ ಮ್ಯಾಂಗ್ರೋವ್ ಜ್ಯಾಕ್ ಅನ್ನುವ ಮೀನೂ ಇರುತ್ತದೆ. ಅದಕ್ಕೆ ಮೂರು ಇಂಚಿನ ಸಿಗಡಿ ಆಕಾರ ಇಷ್ಟ. ಕಚ್ಚಿದ ಕ್ಷಣ ಬೇರಿನೊಳಗೆ ನುಗ್ಗುತ್ತದೆ, ರೀಲಿನ ಡ್ರ್ಯಾಗ್ (ಲೈನ್ ಬಿಡುವ ಬಿಗಿತ) ಮೊದಲೇ ಬಿಗಿ ಮಾಡಿಟ್ಟಿರಿ.

ಫ್ಲಾಟ್‌ಹೆಡ್ ಮರಳಿನಲ್ಲಿ ಮೈ ಹೂತು ಮೇಲೆ ನೋಡುತ್ತಾ ಮಲಗಿರುತ್ತದೆ. ಲ್ಯೂರ್ ತಳ ಮುಟ್ಟಲೇಬೇಕು. ಎತ್ತಿ, ಬಿಡಿ, ಮತ್ತೆ ಎತ್ತಿ. ಬೀಳುವಾಗ ಲೈನ್ ನೋಡುತ್ತಿರಿ. ಲೈನ್ ಸುಮ್ನೆ ಪಕ್ಕಕ್ಕೆ ಸರಿದರೆ ಅದೇ ಕಡಿತ.

ಬಾರಕುಡಾ, ರಿಬ್ಬನ್ ಮೀನಿನಂಥ ಹಲ್ಲಿನವುಗಳಿಗೆ ಸಾಫ್ಟ್ ಪ್ಲಾಸ್ಟಿಕ್ ದಂಡ. ಪ್ರತಿ ಸಲ ಬಾಲ ಕತ್ತರಿಸಿಕೊಂಡು ಹೋಗುತ್ತವೆ. ಲೋಹದ ಜಿಗ್ ಹಾಕಿ. ರೋಹು, ಕಟ್ಲಾಗೂ ಇದು ಅಲ್ಲ. ರೋಹು ಸೊಪ್ಪು, ಪಾಚಿ ಮೇಯುವ ಮೀನು. ಕಟ್ಲಾ ಮೇಲ್ಮಟ್ಟದಲ್ಲಿ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ಹಿಟ್ಟೇ ಸರಿ. ಟ್ರೌಟ್, ಪರ್ಚ್ ಇರುವ ಕಡೆ ಎರಡು ಇಂಚಿನ ಕರ್ಲಿ ಟೈಲ್ (ಸುರುಳಿ ಬಾಲದ್ದು), ಒಂದೆರಡು ಗ್ರಾಂ ಜಿಗ್‌ಹೆಡ್ (ಹುಕ್ಕಿಗೆ ಅಂಟಿದ ತೂಕದ ತಲೆ), ಅಷ್ಟೇ.

ಈಗ ತೂಕ. ನಿಮ್ಮ ಮೂರು ಸಲದ ಕಷ್ಟ ಇಲ್ಲೇ ಇರಬಹುದು. ಡಬ್ಬಿಯ ಜೊತೆ ಬರುವ ಜಿಗ್‌ಹೆಡ್‌ಗಳು ಸಾಮಾನ್ಯವಾಗಿ ಒಂದೇ ತೂಕದವು. 3.5, 7, 10, 14 ಗ್ರಾಂ, ನಾಲ್ಕೂ ಇರಲಿ. ಎಸೆದ ಮೇಲೆ ಎಣಿಸಿ. ತಳ ಮುಟ್ಟಿದ್ದು ಕೈಗೆ ಗೊತ್ತಾಗುವಂಥವುಗಳಲ್ಲಿ ಅತಿ ಹಗುರವಾದದ್ದು ಯಾವುದೋ ಅದೇ ಸರಿ. ಸೆಳೆತ ಹೆಚ್ಚಾದರೆ ಒಂದು ಮೆಟ್ಟಿಲು ಮೇಲೆ, ನೀರು ನಿಂತರೆ ಕೆಳಗೆ.

ಚುಚ್ಚುವುದೂ ಅಷ್ಟೇ ಮುಖ್ಯ. ಮೊದಲು ಹುಕ್ಕನ್ನು ಲ್ಯೂರ್ ಪಕ್ಕ ಇಟ್ಟು, ಮುಳ್ಳು ಎಲ್ಲಿ ಹೊರಬರಬೇಕೋ ಅಲ್ಲಿ ಉಗುರಿನಿಂದ ಗುರುತು ಮಾಡಿ. ಸೊಟ್ಟಗೆ ಕೂತರೆ ನೀರಿನಲ್ಲಿ ಗಿರಗಿರ ತಿರುಗುತ್ತದೆ, ಲೈನ್ ಹುರಿಗೊಳ್ಳುತ್ತದೆ, ಮೀನು ಹತ್ತಿರ ಬಂದು ವಾಪಸ್ ಹೋಗುತ್ತದೆ. ದಡದ ಹತ್ತಿರ ಒಮ್ಮೆ ಎಳೆದು ನೋಡಿ. ಬಾಲ ಮಾತ್ರ ಬಡಿಯಬೇಕು, ಮೈ ಉರುಳಬಾರದು. ಪ್ಯಾಕೆಟ್‌ನಲ್ಲಿ ಮಡಚಿ ಸೊಟ್ಟಗಾದ ಬಾಲವನ್ನು ಬಿಸಿನೀರಿನಲ್ಲಿ ಅದ್ದಿ ನೇರ ಮಾಡಿ ತಣ್ಣೀರಿಗೆ ಹಾಕಿ, ಸರಿಹೋಗುತ್ತದೆ.

ಬಣ್ಣ ಕೇಳಿದ್ದೀರಲ್ವಾ, ಎರಡೇ ಮಾತು. ತಿಳಿನೀರಿಗೆ ಅಲ್ಲಿನ ಸಣ್ಣ ಮೀನಿನ ಬಣ್ಣ. ಕೆಂಪು ನೀರು ಅಥವಾ ಕತ್ತಲಾದರೆ ಗಾಢ ಕಪ್ಪು, ಇಲ್ಲವೇ ಎದ್ದು ಕಾಣುವ ಹಳದಿ ಹಸಿರು. ಮೂರು ಬಣ್ಣ ಸಾಕು.

ಕೊನೆಗೆ ನನ್ನ ಒಂದು ತಪ್ಪು, ನೀವು ಮಾಡಬೇಡಿ. ರಬ್ಬರಿನಂತೆ ಉದ್ದಕ್ಕೆ ಹಿಗ್ಗುವ, ತೇಲುವ ಟಿಪಿಇ ಅನ್ನುವ ಪ್ಲಾಸ್ಟಿಕ್‌ನ ಲ್ಯೂರ್‌ಗಳನ್ನು ಮಾಮೂಲಿ ಪಿವಿಸಿ ಪ್ಲಾಸ್ಟಿಕ್‌ನ ಲ್ಯೂರ್‌ಗಳ ಜೊತೆ ಒಂದೇ ಖಾನೆಯಲ್ಲಿ ಇಟ್ಟಿದ್ದೆ. ಎರಡೂ ಸೇರಿದರೆ ಒಂದನ್ನೊಂದು ಕರಗಿಸುತ್ತವೆ. ಬೇಸಿಗೆಯಲ್ಲಿ ಡಬ್ಬಿ ತೆರೆದರೆ ಒಳಗೆ ಬೆಲ್ಲದ ಪಾಕ. ಆ ಖಾನೆ ಇವತ್ತಿಗೂ ಅಂಟು ಬಿಟ್ಟಿಲ್ಲ. ಬಂದ ಪ್ಯಾಕೆಟ್‌ನಲ್ಲೇ ಬೇರೆ ಬೇರೆ ಇಡಿ. ಹರಿದವನ್ನು ನೀರಿಗೆ ಎಸೆಯದೆ ಜೇಬಿಗೆ ಹಾಕಿಕೊಳ್ಳಿ, ಮೀನು ನುಂಗಿದರೆ ಹೊಟ್ಟೆಯಲ್ಲೇ ಉಳಿಯಬಹುದು.

ನಿಮ್ಮ ಕಡೆ ಯಾವ ಮೀನು, ನೀರು ಎಷ್ಟು ಆಳ, ಕಳೆ ಇದೆಯಾ ಅಂತ ಬರೆಯಿರಿ. ಡಬ್ಬಿ ತೆರೆದು ಒಂದು ಫೋಟೋ ಹಾಕಿ. ಅದರಲ್ಲೇ ನಾಲ್ಕು ಆರಿಸಿ ಹೇಳುತ್ತೇನೆ.