ವೆಲ್ಲಿಗೆ ಹಾಕಿದ್ದೇನು ಅಂತ ಮೊದಲು ಹೇಳಿ

ಹರ್ಪಿಸ್ ಆ್ಯಂಟಿಬಾಡಿ ಟೆಸ್ಟಿನ ಬಗ್ಗೆ ಬರುವ ಪ್ರಶ್ನೆಗಳಿಗೆ ಒಬ್ಬೊಬ್ಬರಿಗೇ ಉತ್ತರ ಬರೆದು ಬರೆದು ಸಾಕಾಗಿದೆ. ಪ್ರಶ್ನೆ ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಅದೇ. ಹಾಗಾಗಿ ಈ ಸಲ ಎಲ್ಲವನ್ನೂ ಒಟ್ಟಿಗೆ ಹಿಡಿದಿದ್ದೇನೆ. ಎಲೈಸಾ ಅಂದರೆ ಪ್ಲಾಸ್ಟಿಕ್ ಪ್ಲೇಟಿನ ಪುಟ್ಟ ಗುಳಿಗಳಿಗೆ (ಅವೇ ವೆಲ್) ಆ್ಯಂಟಿಜನ್, ಅಂದರೆ ವೈರಸ್ಸಿನ ಸರಕು, ಅಂಟಿಸಿ, ರಕ್ತದ ಆ್ಯಂಟಿಬಾಡಿ ಅದನ್ನು ಹಿಡಿದರೆ ಬಣ್ಣ ಬರುವ ಟೆಸ್ಟ್; ಐಜಿಎಂ, ಐಜಿಜಿ ಆ್ಯಂಟಿಬಾಡಿಯ ಎರಡು ಬಗೆ. ಇದಕ್ಕಿಂತ ಹೆಚ್ಚು ಇಲ್ಲಿ ಹೇಳುತ್ತಾ ಕೂರುವುದಿಲ್ಲ.

ಸರ್ಪಸುತ್ತು ಬಂದು ಹೋಗಿದೆ. ಹರ್ಪಿಸ್ ಆ್ಯಂಟಿಬಾಡಿ ಟೆಸ್ಟ್ ಮಾಡಿಸಬೇಕಾ?

ಬೇಡ. ಸರ್ಪಸುತ್ತು ಚಿಕನ್‌ಪಾಕ್ಸ್ ವೈರಸ್ಸಿನ ಕೆಲಸ, ಅದರ ಇಂಗ್ಲಿಷ್ ಹೆಸರಲ್ಲಿ ‘ಹರ್ಪಿಸ್’ ಇದೆ ಅಷ್ಟೆ. ಈ ಟೆಸ್ಟ್ ನೋಡುವುದು ಹರ್ಪಿಸ್ ಸಿಂಪ್ಲೆಕ್ಸ್ (ಎಚ್‌ಎಸ್‌ವಿ) ಅನ್ನುವ ಬೇರೆ ವೈರಸ್ಸನ್ನು. ಅದರಲ್ಲಿ ಎರಡು ಟೈಪ್: ಟೈಪ್-1 ಹೆಚ್ಚಾಗಿ ತುಟಿಯದು, ಟೈಪ್-2 ಹೆಚ್ಚಾಗಿ ಜನನಾಂಗದ್ದು. ಮತ್ತೊಂದು ಮಾತು: ಹಾವಿನ ತಲೆ-ಬಾಲ ಕೂಡಿದರೆ ಪ್ರಾಣ ಹೋಗುತ್ತದೆ ಅಂತ ಹೆದರಿಸಿ, ಕೆಮ್ಮಣ್ಣು ಹಚ್ಚಿ ಮಂತ್ರ ಹಾಕುವವರ ಮನೆ ಮುಂದೆ ಮೂರು ದಿನ ಕಳೆಯಬೇಡಿ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೇ ಅದರ ಉಪಯೋಗ ಜಾಸ್ತಿ.

ಎರಡು ಸಲ ಗರ್ಭ ನಿಲ್ಲಲಿಲ್ಲ. ಟಾರ್ಚ್ (ಗರ್ಭಕ್ಕೆ ತೊಂದರೆ ಕೊಡುವ ಕೆಲವು ಸೋಂಕುಗಳ ಟೆಸ್ಟ್) ರಿಪೋರ್ಟಿನಲ್ಲಿ ಹರ್ಪಿಸ್ ಐಜಿಎಂ ಪಾಸಿಟಿವ್ ಬಂದಿದೆ.

ಆ ಒಂದು ಸಾಲನ್ನು ನಂಬಿ ನಿದ್ದೆ ಕೆಡಿಸಿಕೊಳ್ಳಬೇಡಿ. ಹರ್ಪಿಸ್ ಐಜಿಎಂ ಯಾವ ಟೈಪ್ ಅಂತ ಹೇಳುವುದಿಲ್ಲ, ಹಳೆಯ ಸೋಂಕು ಮತ್ತೆ ತಲೆ ಎತ್ತಿದಾಗಲೂ ಬರುತ್ತದೆ. ಗರ್ಭ ನಿಲ್ಲದಿದ್ದಕ್ಕೆ ಕಾರಣ ಬೇರೆ ಕಡೆ ಹುಡುಕುವ ವೈದ್ಯರ ಹತ್ತಿರ ಹೋಗಿ. ಈ ರಿಪೋರ್ಟ್ ನೋಡಿ ‘ವೈರಸ್ ತೊಳೆಯುವ’ ಪ್ಯಾಕೇಜ್ ಮಾರುವವರು ಸಿಕ್ಕರೆ ಅಲ್ಲಿಂದಲೇ ಎದ್ದು ಬನ್ನಿ. ನರದ ಗಂಟಿನಲ್ಲಿ ಅಡಗಿ ಕೂತ ವೈರಸ್ಸನ್ನು ತೊಳೆದು ತೆಗೆಯುವ ಔಷಧಿ ಇನ್ನೂ ಹುಟ್ಟಿಲ್ಲ.

ನಾನು ಸಂಶೋಧನಾ ವಿದ್ಯಾರ್ಥಿನಿ. ವೀರೋ ಕೋಶದಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಕೋತಿಯ ಕೋಶ) ಬೆಳೆಸಿದ ಎಚ್‌ಎಸ್‌ವಿ-2 ಆ್ಯಂಟಿಜನ್ ತರಿಸಿ, ಪ್ಲೇಟಿಗೆ ಕೋಟ್ ಮಾಡಿ, ನಮ್ಮಲ್ಲಿದ್ದ ರಕ್ತದ ಸೀರಮ್‌ಗಳನ್ನು ಪರೀಕ್ಷಿಸಿದೆ. ಮುಕ್ಕಾಲು ಪಾಲು ಪಾಸಿಟಿವ್! ನಮ್ಮ ಜಿಲ್ಲೆಯಲ್ಲಿ ಜನನಾಂಗದ ಹರ್ಪಿಸ್ ಇಷ್ಟಿದೆ ಅಂತ ಪ್ರಬಂಧ ಬರೆಯಬಹುದಾ?

ಬರೆಯಬೇಡಿ ತಾಯಿ. ನೀವು ಅಳೆದದ್ದು ಜನನಾಂಗದ ಹರ್ಪಿಸ್ ಅಲ್ಲ. ಆ ಜನಕ್ಕೆ ಚಿಕ್ಕಂದಿನಲ್ಲಿ ತುಟಿಯಂಚಿನಲ್ಲಿ ಎದ್ದಿದ್ದ, ಅಥವಾ ಏಳದೆಯೇ ಒಳಗೆ ಸೇರಿದ್ದ ಟೈಪ್-1 ಅನ್ನು ಅಳೆದಿದ್ದೀರಿ. ಲೋಕದಲ್ಲಿ 50 ವರ್ಷದೊಳಗಿನವರಲ್ಲಿ 64% ಜನಕ್ಕೆ ಟೈಪ್-1 ಇದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜು. ಟೈಪ್-2 ಲೆಕ್ಕ 15ರಿಂದ 49 ವಯಸ್ಸಿನವರಲ್ಲಿ 13%. ನಿಮ್ಮ ಮುಕ್ಕಾಲು ಪಾಲು ಯಾವ ಲೆಕ್ಕಕ್ಕೆ ಹತ್ತಿರ, ನೀವೇ ನೋಡಿ.

ಟೈಪ್-1, ಟೈಪ್-2 ಒಂದೇ ಮನೆಯ ಅಣ್ಣ-ತಮ್ಮ ಇದ್ದಹಾಗೆ. ಮೇಲ್ಮೈಯಲ್ಲಿರುವ, ಸಕ್ಕರೆ ಅಂಟಿದ ಪ್ರೊಟೀನ್‌ಗಳಾದ ಗ್ಲೈಕೊಪ್ರೊಟೀನ್ ಬಿ, ಗ್ಲೈಕೊಪ್ರೊಟೀನ್ ಡಿ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಥರ, ಮತ್ತು ನಮ್ಮ ದೇಹ ಜೋರಾಗಿ ಆ್ಯಂಟಿಬಾಡಿ ಮಾಡುವುದೂ ಇವುಗಳ ಮೇಲೆಯೇ. ಇಡೀ ವೈರಸ್ ಬೆಳೆದ ಕೋಶವನ್ನು ಒಡೆದು ತೆಗೆದ ಲೈಸೇಟನ್ನು ವೆಲ್ಲಿಗೆ ಹಾಕಿದರೆ ಇವೆರಡೂ ಅದರಲ್ಲಿ ಧಾರಾಳವಾಗಿ ಇರುತ್ತವೆ. ಟೈಪ್-1 ಇರುವವರ ಸೀರಮ್ ಬಂದು ತಮ್ಮನನ್ನೇ ಅಣ್ಣ ಅಂದುಕೊಂಡು ಅಪ್ಪಿಕೊಳ್ಳುತ್ತದೆ, ನಿಮ್ಮ ವೆಲ್ ಹಳದಿಯಾಗುತ್ತದೆ, ನೀವು ಪಾಸಿಟಿವ್ ಅಂತ ಬರೆದುಕೊಳ್ಳುತ್ತೀರಿ.

ಗುರುತು ಸಿಗುವುದು ಒಂದು ಕಡೆ ಮಾತ್ರ, ಗ್ಲೈಕೊಪ್ರೊಟೀನ್ ಜಿ. ಟೈಪ್-1ರಲ್ಲಿ ಅದು 238 ಅಮೈನೊ ಆಮ್ಲಗಳ ಚಿಕ್ಕ ಪ್ರೊಟೀನ್, ಟೈಪ್-2ರಲ್ಲಿ 699ರ ಉದ್ದದ್ದು. ಟೈಪ್ ಬೇರೆ ಮಾಡಿ ಹೇಳಬೇಕಾದರೆ ವೆಲ್ಲಿನಲ್ಲಿ ಇರಬೇಕಾದ್ದು ಇದು, ಬರೀ ಇದು.

ಇದನ್ನು ಶುದ್ಧ ಮಾಡಿದ ಕತೆ ನನಗೆ ಬಹಳ ಇಷ್ಟ. ಟೈಪ್-2ರ ಗ್ಲೈಕೊಪ್ರೊಟೀನ್ ಜಿ ಮೈತುಂಬ ಸಕ್ಕರೆ ಹೊತ್ತಿರುತ್ತದೆ. ಅದರಲ್ಲೊಂದು ಸಕ್ಕರೆಯನ್ನು ಗಟ್ಟಿಯಾಗಿ ಹಿಡಿಯುವ ಲೆಕ್ಟಿನ್ ಅನ್ನುವ ಪ್ರೊಟೀನ್ ಯುರೋಪಿನ ಒಂದು ಬಸವನಹುಳುವಿನಲ್ಲಿದೆ, ಹೆಸರು ಹೆಲಿಕ್ಸ್ ಪೊಮೇಶಿಯ. 1984ರ ಹೊತ್ತಿಗೆ ಸ್ವೀಡನ್ನಿನವರು ಆ ಲೆಕ್ಟಿನ್ನನ್ನು ಕಾಲಮ್ಮಿಗೆ ಕೂರಿಸಿ, ಲೈಸೇಟನ್ನು ಅದರ ಮೇಲೆ ಹಾಯಿಸಿ, ಅಂಟಿಕೊಂಡದ್ದನ್ನು ಬಿಡಿಸಿ ಪ್ಲೇಟಿಗೆ ಹಾಕಿದರು. ಬಸವನಹುಳು ಅಣ್ಣ-ತಮ್ಮನನ್ನು ಬೇರೆ ಮಾಡಿತು!

ಈಗ ಹೆಚ್ಚಾಗಿ ಸಿಗುವುದು ರಿಕಾಂಬಿನೆಂಟ್, ಅಂದರೆ ವೈರಸ್ಸಿನ ಜೀನನ್ನು ಬೇರೆ ಕೋಶಕ್ಕೆ ಸೇರಿಸಿ ಮಾಡಿಸಿದ್ದು. ಇಲ್ಲೂ ಕಣ್ಣು ಮುಚ್ಚಿ ಕೊಳ್ಳಬೇಡಿ. ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಮಾಡಿದ್ದಕ್ಕೆ ಆ ಸಕ್ಕರೆ ಇರುವುದಿಲ್ಲ. ಜೊತೆಗೆ ನಮ್ಮೆಲ್ಲರ ಕರುಳಲ್ಲೂ ಇ. ಕೊಲೈ ಇದೆ, ರಕ್ತದಲ್ಲಿ ಅದರ ವಿರುದ್ಧ ಆ್ಯಂಟಿಬಾಡಿಯೂ ಇದೆ, ಹಾಗಾಗಿ ಶುದ್ಧೀಕರಣ ಸ್ವಲ್ಪ ಸಡಿಲವಾದರೂ ಎಲ್ಲ ವೆಲ್ಲೂ ಬಣ್ಣಕ್ಕೆ ತಿರುಗುತ್ತದೆ. ಅಗ್ಗ ಅಂತ ಅದನ್ನೇ ತರಿಸುವವರನ್ನು ನೋಡಿದ್ದೇನೆ. ಕೀಟದ ಕೋಶ ಅಥವಾ ಸಸ್ತನಿ ಕೋಶದಲ್ಲಿ ಮಾಡಿದ್ದಕ್ಕೆ ದುಡ್ಡು ಜಾಸ್ತಿ, ನನ್ನ ಕೈಯಲ್ಲಿ ಆಯ್ಕೆ ಇದ್ದರೆ ನಾನು ಅದನ್ನೇ ಕೊಳ್ಳುತ್ತೇನೆ.

ಹಾಗಂತ ನಿಮ್ಮ ಲೈಸೇಟನ್ನು ಚರಂಡಿಗೆ ಸುರಿಯಬೇಡಿ. ಯಾವುದೋ ಒಂದು ಹರ್ಪಿಸ್ ಸಿಂಪ್ಲೆಕ್ಸ್ ತಗುಲಿದೆಯಾ ಅಂತ ಕೇಳುವುದಕ್ಕೆ ಅದು ಒಳ್ಳೆಯದೇ. ಗ್ಲೈಕೊಪ್ರೊಟೀನ್ ಜಿ ಮೇಲಿನ ಆ್ಯಂಟಿಬಾಡಿ ತಡವಾಗಿ ಬರುತ್ತದೆ, ಕೆಲವರಲ್ಲಿ 12 ವಾರವೂ ಆಗುತ್ತದೆ. ಅಷ್ಟರೊಳಗಿನ ಸೋಂಕನ್ನು ಲೈಸೇಟೇ ಮೊದಲು ಹಿಡಿಯಬಹುದು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆಸರಾಂತ ವೆಸ್ಟರ್ನ್ ಬ್ಲಾಟ್ ಟೆಸ್ಟ್ ಕೂಡ ಇಡೀ ವೈರಸ್ಸಿನ ಪ್ರೊಟೀನ್‌ಗಳ ಮೇಲೇ ನಿಂತಿದೆ. ಅಲ್ಲಿ ಪ್ರೊಟೀನ್‌ಗಳು ಗಾತ್ರದ ಪ್ರಕಾರ ಬೇರೆಬೇರೆ ಗೆರೆಯಾಗಿ ಕಾಣುತ್ತವೆ, ಯಾವುದಕ್ಕೆ ಅಂಟಿತು ಅಂತ ಕಣ್ಣಾರೆ ನೋಡಬಹುದು. ನಿಮ್ಮ ವೆಲ್ಲಿನಲ್ಲಿ ಎಲ್ಲವೂ ಕಲಸುಮೇಲೋಗರ.

ಇನ್ನು ನೀವು ಬರೆಯದೇ ಬಿಟ್ಟ ವಿಷಯ. ಕಂಟ್ರೋಲ್ ಆ್ಯಂಟಿಜನ್ ಹಾಕಿದ್ದೀರಾ? ವೈರಸ್ ಸೋಂಕಿಲ್ಲದ ವೀರೋ ಕೋಶವನ್ನು ಅದೇ ರೀತಿ ಒಡೆದು, ಅದೇ ಬಫರಿನಲ್ಲಿ, ಅದೇ ಡೈಲ್ಯೂಶನ್ನಿನಲ್ಲಿ (ಅಷ್ಟೇ ತೆಳು ಮಾಡಿ) ಪಕ್ಕದ ವೆಲ್ಲಿಗೆ ಹಾಕಬೇಕು. ಬಾಟಲಿ ಮೇಲೆ 1 ಮಿಲಿಗ್ರಾಂ ಪ್ರೊಟೀನ್ ಅಂತ ಬರೆದಿದ್ದರೆ ಅದು ವೈರಸ್ ಪ್ರೊಟೀನ್ ಅಂದುಕೊಳ್ಳಬೇಡಿ. ಬಹುಪಾಲು ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದ ಪ್ರೊಟೀನು, ವೀರೋ ಅಂದರೆ ಅದೇ ತಾನೇ. ಒಂದು ಕಾಲದಲ್ಲಿ ನಾನೂ ಪ್ಲೇಟ್ ಉಳಿಸಲು ಹೋಗಿ ಕಂಟ್ರೋಲ್ ಬಿಟ್ಟಿದ್ದೆ. ಎರಡು ವಾರ ಪಾಸಿಟಿವ್ ಮೇಲೆ ಪಾಸಿಟಿವ್, ಖುಷಿಯೋ ಖುಷಿ. ಆಮೇಲೆ ನೋಡಿದರೆ ಕೋಶ ಬೆಳೆಸಲು ಹಾಕಿದ ಕರುವಿನ ಸೀರಮ್ಮು ಆ್ಯಂಟಿಜನ್ನಿನಲ್ಲಿ ಉಳಿದಿತ್ತು, ಕೆಲವರ ರಕ್ತ ಅಂಟಿಕೊಂಡಿದ್ದು ಅದಕ್ಕೆ. ನೋಟ್‌ಬುಕ್ಕಿನ ಆ ಪುಟಗಳು ಇನ್ನೂ ನನ್ನ ಹತ್ತಿರ ಇವೆ, ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದು.

ಕಟ್-ಆಫ್ (ಪಾಸಿಟಿವ್-ನೆಗೆಟಿವ್ ಬೇರೆ ಮಾಡುವ ಗೆರೆ) ಹೇಗೆ ಹಾಕಿದಿರಿ? ಲ್ಯಾಬಿನ ಹುಡುಗ-ಹುಡುಗಿಯರ ರಕ್ತ ತೆಗೆದು ‘ಆರೋಗ್ಯವಂತರು, ಹಾಗಾಗಿ ನೆಗೆಟಿವ್’ ಅಂತ ಸರಾಸರಿ ಹಾಕಿದ್ದರೆ ಅದನ್ನು ಅಳಿಸಿ. ಮೇಲಿನ 64% ನೆನಪಿದೆ ಅಲ್ವಾ? ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಟೈಪ್-1 ಇರಬಹುದು. ನಿಮಗೆ ನಿಜಕ್ಕೂ ಬೇಕಾದ್ದು ಟೈಪ್-1 ಪಾಸಿಟಿವ್, ಟೈಪ್-2 ನೆಗೆಟಿವ್ ಅಂತ ಬೇರೆ ವಿಧಾನದಲ್ಲಿ ಖಾತ್ರಿಯಾದ ಸೀರಮ್‌ಗಳು. ನಿಮ್ಮ ಟೈಪ್-2 ವೆಲ್ಲಿನಲ್ಲಿ ಅವು ಸುಮ್ನೆ ಕೂತರೆ ನಿಮ್ಮ ಟೆಸ್ಟ್ ಸರಿ. ಬಣ್ಣ ಬಂದರೆ ಮತ್ತೆ ಮೊದಲಿಂದ ಶುರು ಮಾಡಿ. ಆ್ಯಂಟಿಜನ್ ಡೈಲ್ಯೂಶನ್ ಕೂಡ ಬೇರೆಯವರ ಪ್ರಬಂಧದಿಂದ ಎತ್ತಿಕೊಳ್ಳಬೇಡಿ. ಆ್ಯಂಟಿಜನ್ ಮೇಲಿಂದ ಕೆಳಗೆ, ಸೀರಮ್ ಎಡದಿಂದ ಬಲಕ್ಕೆ ಇಳಿಸುತ್ತಾ ಒಂದು ಚೌಕಾಬಾರಾ ಪ್ಲೇಟ್ ಹಾಕಿ ನೋಡಿ. ಒಂದು ದಿನ ಹೋಗುತ್ತದೆ, ಹೋಗಲಿ.

ಟೈಪ್-2 ಐಜಿಜಿ ಇಂಡೆಕ್ಸ್ (ರಿಪೋರ್ಟಿನಲ್ಲಿ ಬರುವ ಆ್ಯಂಟಿಬಾಡಿ ಅಂಕಿ) 1.4 ಬಂದಿದೆ. ಯಾವ ಲಕ್ಷಣವೂ ಇಲ್ಲ. ಮುಂದಿನ ತಿಂಗಳು ಮದುವೆ, ಮುರಿಯಬೇಕಾ?

ಲಕ್ಷಣವಿಲ್ಲದೆ ಈ ಟೆಸ್ಟ್ ಮಾಡಿಸಿದವರಾರು? ಅವರನ್ನು ಮೊದಲು ಬೈಯಬೇಕು. ಗ್ಲೈಕೊಪ್ರೊಟೀನ್ ಜಿ ಹಾಕಿದ ಕಿಟ್ಟುಗಳಲ್ಲೂ 1.1ರಿಂದ 2.9ರವರೆಗಿನ ನಂಬರ್ ಎಷ್ಟೋ ಸಲ ಸುಳ್ಳು ಪಾಸಿಟಿವ್. 3ಕ್ಕಿಂತ ಕಡಿಮೆ ಬಂದರೆ ಬೇರೆ ವಿಧಾನದಲ್ಲಿ ಖಾತ್ರಿ ಮಾಡಿಕೊಳ್ಳಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲೇ ಹೇಳಿದೆ. 2023ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಈ ಸುಳ್ಳು ಪಾಸಿಟಿವ್ ಬಗ್ಗೆ ಎಚ್ಚರಿಸಿತು. ಲೆಕ್ಕ ಮಾಡಿ ನೋಡಿ: ಸಾವಿರ ಜನರಲ್ಲಿ 50 ಮಂದಿಗೆ ನಿಜಕ್ಕೂ ಟೈಪ್-2 ಇದೆ ಅಂತಿಟ್ಟುಕೊಳ್ಳಿ. ಟೆಸ್ಟ್ ಉಳಿದ 950ರಲ್ಲಿ ನೂರಕ್ಕೆ ಐದು ಸಲ ತಪ್ಪಿದರೂ ಸುಮಾರು 48 ಸುಳ್ಳು ಪಾಸಿಟಿವ್. ಬಂದ ಪಾಸಿಟಿವ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕರ್ಧ. ಚರ್ಮ-ಗುಹ್ಯರೋಗದ ವೈದ್ಯರನ್ನು ನೋಡಿ, ರಿಪೋರ್ಟ್ ತೋರಿಸಿ. ಅಲ್ಲಿಯವರೆಗೆ ಛತ್ರದ ಬುಕಿಂಗ್ ಹಾಗೇ ಇರಲಿ.

ಆ್ಯಂಟಿಜನ್ನಿಂದ ನಮಗೇ ಸೋಂಕು ತಗುಲುತ್ತದಾ?

ನಿಷ್ಕ್ರಿಯ ಮಾಡಿದ್ದು ಅಂತ ಸರ್ಟಿಫಿಕೇಟ್ ಇದ್ದರೆ, ಯಾವ ವಿಧಾನದಲ್ಲಿ ಅಂತಲೂ ಬರೆದಿದ್ದರೆ, ಇಲ್ಲ. ನಾನು ಹಾಗಿದ್ದರೂ ಗ್ಲೌಸ್ ಇಲ್ಲದೆ ಮುಟ್ಟುವುದಿಲ್ಲ.

ಆ್ಯಂಟಿಜನ್ ದಾರಿಯಲ್ಲೇ ಕರಗಿ ಬಂತು. ಮತ್ತೆ ಫ್ರೀಜ್ ಮಾಡಿದೆವು. ಪರವಾಗಿಲ್ವಾ?

ಪರವಾಗಿಲ್ಲ ಅನ್ನಲಾರೆ. ಥರ್ಮೋಕೋಲ್ ಡಬ್ಬಿ ಬಿಚ್ಚಿದಾಗಲೇ ಫೋಟೊ ತೆಗೆದು ಕಳಿಸಿದವರಿಗೆ ಬರೆಯಬೇಕಿತ್ತು. ಇನ್ನು ಮುಂದೆ ಬಂದ ದಿನವೇ 50 ಮೈಕ್ರೊಲೀಟರಿನ ಸಣ್ಣ ಸಣ್ಣ ಟ್ಯೂಬಿಗೆ ಹಂಚಿ, ಮೈನಸ್ 80 ಡಿಗ್ರಿಗೆ ಇಡಿ. ಒಂದು ಟ್ಯೂಬ್ ಒಂದೇ ಸಲ. ಉಳಿದದ್ದನ್ನು ಮತ್ತೆ ಒಳಗಿಡುವ ಜಿಪುಣತನ ಬೇಡ. ಊಟದ ಡಬ್ಬಿ, ಐಸ್‌ಕ್ರೀಮ್ ಇಡುವ ಫ್ರಿಜ್ಜಿನಲ್ಲಂತೂ ದಯವಿಟ್ಟು ಬೇಡ. ಇದನ್ನೂ ಬಾಯಿಬಿಟ್ಟು ಹೇಳಬೇಕಾಗಿ ಬಂತಲ್ಲ!